ನೊಣ ಕಲಿಸಿದ ಉಸಿರಿನ ಪಾಠ

ಏಳು ತಿಂಗಳಿಗೆ ಹುಟ್ಟಿದ ಮಗು ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯದು ಎಂಬ ಮಾತು ಅಜ್ಜಿಯರ ಕಾಲದಿಂದ ಬಂದದ್ದು. ರಾಜಾಜಿನಗರವಿರಲಿ, ಕೆಂಗೇರಿಯಿರಲಿ, ಹೆರಿಗೆ ವಾರ್ಡಿನ ಹೊರಗೆ ಕಾದು ಕುಳಿತ ಹಿರಿಯರ ಬಾಯಿಂದ ಇಂದಿಗೂ ಅದನ್ನು ಕೇಳಬಹುದು. ಆದರೆ ಈ ಲೆಕ್ಕ ತಲೆಕೆಳಗಾದದ್ದು. ಅವಧಿಗೆ ಮುನ್ನ ಹುಟ್ಟುವ ಕೂಸಿಗೆ ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಲಾಭವೇ. ತಾಯಿಯ ಹೊಟ್ಟೆಯಲ್ಲಿ ತಡವಾಗಿ ಸಿದ್ಧವಾಗುವ ಅಂಗಗಳಲ್ಲಿ ಶ್ವಾಸಕೋಶವೂ ಒಂದು ಎಂಬುದೇ ಇದಕ್ಕೆ ಮುಖ್ಯ ಕಾರಣ.

ಮನುಷ್ಯ ಭ್ರೂಣದಲ್ಲಿ ಶ್ವಾಸಕೋಶದ ಕೆಲಸ ಆರಂಭವಾಗುವುದು ನಾಲ್ಕನೇ ವಾರದಲ್ಲಿ. ಅನ್ನನಾಳವಾಗಲಿರುವ ಕೊಳವೆಯ ಮುಂಬದಿಯಲ್ಲಿ ಒಂದು ಪುಟ್ಟ ಮೊಗ್ಗು ಮೂಡುತ್ತದೆ. ಅದು ಎರಡಾಗಿ ಸೀಳುತ್ತದೆ; ಆ ಎರಡೂ ಮತ್ತೆ ಕವಲೊಡೆಯುತ್ತವೆ. ಹೀಗೆ ಸುಮಾರು 23 ತಲೆಮಾರು ಕವಲುಗಳಾಗಿ, ತುದಿಯಲ್ಲಿ ಗಾಳಿಗೂಡುಗಳು ಕಟ್ಟಿಕೊಳ್ಳುತ್ತವೆ. ವಯಸ್ಕರಲ್ಲಿ ಇವುಗಳ ಸಂಖ್ಯೆ 30ರಿಂದ 50 ಕೋಟಿ. ಎಲ್ಲಿ ಕವಲೊಡೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಈ ಕೊಳವೆಗಳಿಗೆ ಹೇಳುವವರಾರು?

ಉತ್ತರದ ಮೊದಲ ಎಳೆ ಸಿಕ್ಕಿದ್ದು ಶ್ವಾಸಕೋಶವೇ ಇಲ್ಲದ ಜೀವಿಯಲ್ಲಿ ಎಂದರೆ ಅಚ್ಚರಿಯಾಗಬಹುದು. ವಿಜಯನಗರದ ಮಾರುಕಟ್ಟೆಯಲ್ಲಿ ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಹಣ್ಣುನೊಣಗಳನ್ನು ಎಲ್ಲರೂ ಕಂಡಿದ್ದೇವೆ. ಅವುಗಳಲ್ಲಿ ಡ್ರೊಸೊಫಿಲ ಎಂಬುದು ವಿಜ್ಞಾನಿಗಳಿಗೆ ಬಲು ಪ್ರಿಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅದರ ನಾನಾ ತಳಿಗಳನ್ನು ಸಾಕಿ ಸಂಶೋಧಕರಿಗೆ ಒದಗಿಸುವ ಕೇಂದ್ರವೇ ಇದೆ. ನೊಣದ ಮೈತುಂಬ ಗಾಳಿ ಸಾಗಿಸುವ ಸಣ್ಣ ಕೊಳವೆಗಳಿವೆ. ಒಂದು ವಂಶವಾಹಿ ಕೆಟ್ಟರೆ ಆ ಕೊಳವೆಗಳು ಮುಂದೆ ಬೆಳೆಯುವುದೇ ಇಲ್ಲ. ಅದಕ್ಕೆ 'ಬ್ರೆತ್‌ಲೆಸ್', ಅಂದರೆ ಉಸಿರಿಲ್ಲದ್ದು ಎಂದು ಹೆಸರಿಟ್ಟರು; ಅದರ ವಿವರ 1992ರಲ್ಲಿ ಪ್ರಕಟವಾಯಿತು. 1996ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಕ್ರಾಸ್ನೋ ಅವರ ತಂಡ ಅದರ ಜೋಡಿಯನ್ನು ಹುಡುಕಿತು. ಅದು 'ಬ್ರಾಂಚ್‌ಲೆಸ್', ಕವಲಿಲ್ಲದ್ದು. ಕೊಳವೆಯ ಆಚೆ ಇರುವ ಕೋಶಗಳು ಬ್ರಾಂಚ್‌ಲೆಸ್ ಪ್ರೋಟೀನನ್ನು ಸೂಸುತ್ತವೆ. ಕೊಳವೆಯ ತುದಿಯ ಕೋಶಗಳು ಬ್ರೆತ್‌ಲೆಸ್ ಎಂಬ ಗ್ರಾಹಕದ ಮೂಲಕ ಅದರ ಜಾಡು ಹಿಡಿಯುತ್ತವೆ. ಬೆಲ್ಲದ ವಾಸನೆಗೆ ಇರುವೆ ಹೊರಟಂತೆ ಕೊಳವೆಯೂ ಅತ್ತ ಸಾಗುತ್ತದೆ.

ಇದೇ ಜಾತಿಯ ಪ್ರೋಟೀನು ಸಸ್ತನಿಗಳಲ್ಲೂ ಇದೆ. ಅದರ ಹೆಸರು ಎಫ್‌ಜಿಎಫ್-10. ಈ ವಂಶವಾಹಿಯನ್ನು ತೆಗೆದುಹಾಕಿ ಇಲಿಗಳನ್ನು ಹುಟ್ಟಿಸಿದಾಗ, ಅವಕ್ಕೆ ಶ್ವಾಸನಾಳವಿತ್ತು, ಶ್ವಾಸಕೋಶವೇ ಇರಲಿಲ್ಲ. ಹುಟ್ಟಿದೊಡನೆ ಅವು ಸತ್ತವು. 1998 ಮತ್ತು 1999ರಲ್ಲಿ ಎರಡು ತಂಡಗಳು ಇದನ್ನು ವರದಿ ಮಾಡಿದವು. ನೊಣದಲ್ಲೇ ಮೊದಲು ಗುರುತಿಸಲಾದ 'ಹೆಜ್‌ಹಾಗ್' ವಂಶವಾಹಿಯ ಸಂಬಂಧಿಯೊಂದು, ಎಫ್‌ಜಿಎಫ್-10ಕ್ಕೆ ಕಡಿವಾಣ ಹಾಕುತ್ತದೆಂದೂ ತಿಳಿಯಿತು. ಒಂದು ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ. ಈ ಜಗ್ಗಾಟದ ನಡುವೆ ಕವಲು ಮೂಡುತ್ತದೆ. 2008ರಲ್ಲಿ ಕ್ರಾಸ್ನೋ ತಂಡವೇ ಇಲಿ ಭ್ರೂಣಗಳ ಶ್ವಾಸಕೋಶಗಳನ್ನು ಹೋಲಿಸಿ ನೋಡಿ, ಸಾವಿರಾರು ಕವಲುಗಳ ಹಿಂದೆ ಮೂರೇ ಮೂರು ಸರಳ ಕ್ರಮಗಳಿವೆ ಎಂದು ತೋರಿಸಿತು. ಅವೇ ಮತ್ತೆ ಮತ್ತೆ ಬಳಕೆಯಾಗುತ್ತವೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲೂ ನೊಣದ ಗಾಳಿಕೊಳವೆ ಮತ್ತು ಇಲಿಯ ಶ್ವಾಸಕೋಶಗಳ ಕೋಶಗಳ ಬಗ್ಗೆ ಅಧ್ಯಯನ ನಡೆದಿದೆ.

ಮರ ಕವಲೊಡೆದರೆ ಸಾಲದು, ಗಾಳಿಗೂಡು ತೆರೆದು ನಿಲ್ಲಬೇಕು. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಒಳಮೈ ಅಂಟಿಕೊಳ್ಳುವಂತೆ ಗೂಡುಗಳೂ ಕುಸಿಯಬಲ್ಲವು. ಹಾಗಾಗದಂತೆ ತಡೆಯುವುದು ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಲೇಪ. ಅದನ್ನು ತಯಾರಿಸುವ ವಂಶವಾಹಿಗಳು ಚುರುಕಾಗುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ. ಅವಧಿಗೆ ಮುನ್ನ ಹುಟ್ಟಿ ಉಸಿರಾಡಲಾರದೆ ಸಾಯುವ ಕೂಸುಗಳಲ್ಲಿ ಈ ಲೇಪದ ಕೊರತೆಯಿದೆ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದರು. ಅಷ್ಟಾದರೂ ಚಿಕಿತ್ಸೆ ಇರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, 39 ಗಂಟೆ ಬದುಕಿ, ಇದೇ ತೊಂದರೆಯಿಂದ ತೀರಿಕೊಂಡ.

ದಾರಿ ತೋರಿಸಿದ್ದು ಕುರಿ. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಗರ್ಭದಲ್ಲೇ ಸ್ಟೀರಾಯ್ಡ್ ಪಡೆದ ಕುರಿಮರಿಗಳು ಬಲು ಬೇಗ ಹುಟ್ಟಿಯೂ ಉಸಿರಾಡಿದ್ದನ್ನು ಗಮನಿಸಿದರು. 1972ರಲ್ಲಿ ರಾಸ್ ಹೋವೀ ಅವರೊಡನೆ, ಗರ್ಭಿಣಿಯರಿಗೆ ಈ ಚುಚ್ಚುಮದ್ದು ಕೊಟ್ಟ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಕೋಶದ ಒಳಹೊಕ್ಕ ಸ್ಟೀರಾಯ್ಡ್ ವಂಶವಾಹಿಗಳ ಕೆಲಸವನ್ನೇ ಬದಲಿಸಿ, ಶ್ವಾಸಕೋಶ ಬೇಗ ಪಕ್ವವಾಗುವಂತೆ ಮಾಡುತ್ತದೆ.

ಈ ಚರಿತ್ರೆಯ ಇತ್ತೀಚಿನ ಎರಡು ಅಧ್ಯಾಯಗಳಲ್ಲಿ ನಮ್ಮ ಬೆಳಗಾವಿಯ ಪಾಲಿದೆ. 2015ರಲ್ಲಿ ಪ್ರಕಟವಾದ ಆರು ದೇಶಗಳ ಅಧ್ಯಯನದಲ್ಲಿ ಬೆಳಗಾವಿ ಪ್ರದೇಶವೂ ಇತ್ತು. ಸ್ಥಳೀಯ ಆರೋಗ್ಯ ಕೇಂದ್ರಗಳ ಮಟ್ಟದಲ್ಲೂ ಚುಚ್ಚುಮದ್ದನ್ನು ವ್ಯಾಪಕವಾಗಿ ಕೊಡಿಸಿದರೆ, ಕಡಿಮೆ ತೂಕದ ಕೂಸುಗಳ ಸಾವು ಇಳಿಯಲಿಲ್ಲ. ಒಟ್ಟಾರೆ ಶಿಶುಮರಣ ತುಸು ಏರಿತು! ಅವಧಿ ತುಂಬಿ ಹುಟ್ಟಿದ ಅನೇಕ ಮಕ್ಕಳೂ ಬೇಡದ ಔಷಧಕ್ಕೆ ಒಳಗಾಗಿದ್ದರು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಇನ್ನೊಂದು ಪರೀಕ್ಷೆಯ ಫಲಿತಾಂಶ ಹೊರಬಂತು. ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳ 2,852 ಗರ್ಭಿಣಿಯರು ಅದರಲ್ಲಿದ್ದರು, ಬೆಳಗಾವಿಯವರೂ ಇದ್ದರು. ಇಲ್ಲಿ ಸ್ಕ್ಯಾನ್ ಮೂಲಕ ಗರ್ಭದ ವಾರಗಳನ್ನು ಖಚಿತವಾಗಿ ಎಣಿಸಲಾಗಿತ್ತು, ಕೂಸಿನ ಆರೈಕೆಗೆ ಸೌಕರ್ಯವಿತ್ತು. ಮದ್ದಿಲ್ಲದ ಗುಂಪಿನಲ್ಲಿ ಶೇ 23.5ರಷ್ಟಿದ್ದ ಶಿಶುಮರಣ, ಮದ್ದು ಪಡೆದವರಲ್ಲಿ ಶೇ 19.6ಕ್ಕೆ ಇಳಿಯಿತು.

ಮದ್ದು ಎರಡೂ ಕಡೆ ಅದೇ. ಬದಲಾದದ್ದು, ಯಾರಿಗೆ, ಎಷ್ಟನೇ ವಾರದಲ್ಲಿ, ಎಂಥ ಆಸ್ಪತ್ರೆಯಲ್ಲಿ ಎಂಬುದು. ವಂಶವಾಹಿಗಳಿಗೆ ತಮ್ಮದೇ ಪಂಚಾಂಗವಿದೆ. ಅದನ್ನು ತುಸು ಮುಂದೂಡಬೇಕಾದರೂ ಮೊದಲು ಇಂದು ಯಾವ ತಿಥಿ ಎಂದು ಗೊತ್ತಿರಬೇಕು. ಗರ್ಭದ ಮೊದಲ ತಿಂಗಳುಗಳಲ್ಲೇ ಸ್ಕ್ಯಾನ್ ಮಾಡಿಸಿ ವಾರಗಳನ್ನು ಬರೆದಿಟ್ಟುಕೊಳ್ಳಿ ಎಂದು ವೈದ್ಯರು ಹೇಳುವುದರ ಹಿಂದೆ ಇದೂ ಒಂದು ಕಾರಣ. ಏಳೋ ಎಂಟೋ ಎಂಬ ಅಂದಾಜಿಗಿಂತ ಆ ಚೀಟಿಯೇ ಕೂಸಿನ ಉಸಿರಿಗೆ ಹತ್ತಿರದ್ದು.