ಕಲಿತವರ ಸಂಘ, ಆಡುವವರ ಚಳವಳಿ

1893ರಲ್ಲಿ ಡಬ್ಲಿನ್ನಿನಲ್ಲಿ ಸ್ಥಾಪಿತವಾದ ಗೇಲಿಕ್ ಲೀಗಿನ ಮೊದಲ ಅಧ್ಯಕ್ಷ ಡಗ್ಲಸ್ ಹೈಡ್. ಐರಿಷ್ ಅವರ ಮನೆಮಾತಲ್ಲ. ರಾಸ್‌ಕಾಮನ್ ಸೀಮೆಯ ನೆರೆಹೊರೆಯವರಿಂದ ಬಾಲ್ಯದಲ್ಲಿ ಕಲಿತ ನುಡಿ. ಲೀಗಿನ ಬಲವೂ ಬಹುಮಟ್ಟಿಗೆ ಇಂಥ ಕಲಿತವರದೇ: ಊರೂರುಗಳಲ್ಲಿ ತರಗತಿಗಳು, ಸಂಚಾರಿ ಶಿಕ್ಷಕರು, 1913ರಿಂದ ರಾಷ್ಟ್ರೀಯ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಕಡ್ಡಾಯವಾದ ಐರಿಷ್. 1915ರ ಡಂಡಾಕ್ ಅಧಿವೇಶನವು ದೇಶದ ಸ್ವಾತಂತ್ರ್ಯವನ್ನೂ ಲೀಗಿನ ಧ್ಯೇಯವಾಗಿಸಿದಾಗ ಹೈಡ್ ಪದತ್ಯಾಗ ಮಾಡಿದರು.

ಸ್ವತಂತ್ರ ಐರ್ಲೆಂಡ್ ಭಾಷೆಯನ್ನು ಶಾಲೆಗೆ ಒಯ್ದಿತು. ಆದರೆ ಅದು ನಿತ್ಯದ ಮಾತಾಗಿಯೇ ಉಳಿದಿದ್ದ ಪಶ್ಚಿಮ ತೀರದ ಗೇಲ್ಟಾಕ್ಟ್ ಹಳ್ಳಿಗಳಿಂದ ವಲಸೆ ನಿಲ್ಲಲಿಲ್ಲ. ದುಡಿಮೆಯಿಲ್ಲದ ಊರಿಗೆ ವ್ಯಾಕರಣ ಏನು ಕೊಟ್ಟೀತು? 1969ರಲ್ಲಿ ಕಾನೆಮಾರಾದ ಭಾಷಿಕರು ತಮ್ಮದೇ ನಾಗರಿಕ ಹಕ್ಕುಗಳ ಚಳವಳಿ ಹೂಡಿದರು. ಉದ್ಯೋಗ, ಸ್ಥಳೀಯ ಆಡಳಿತ, ಬಾನುಲಿ ಅವರ ಬೇಡಿಕೆಗಳು. 1970ರಲ್ಲಿ ಪರವಾನಗಿಯಿಲ್ಲದೆ ತಾವೇ ಪ್ರಸಾರ ನಡೆಸಿದರು. ಸರ್ಕಾರದ ಐರಿಷ್ ಬಾನುಲಿ ಆರಂಭವಾದದ್ದು 1972ರ ಏಪ್ರಿಲ್ 2ರಂದು.