ಕಡಿವಾಣ ಹಾಕುವ ಮುನ್ನ...

"ಬೆಲೆ ಏರಿಕೆಗೆ ಕಡಿವಾಣ", "ಮರಳು ದಂಧೆಗೆ ಕಡಿವಾಣ"... ಪೇಪರ್ ತೆಗೆದರೆ ಸಾಕು, ಈ ಪದ ಕಣ್ಣಿಗೆ ಬೀಳುತ್ತೆ. ಆದರೆ ನಿಜವಾದ ಕಡಿವಾಣವನ್ನು ಕೈಯಲ್ಲಿ ಹಿಡಿದು ನೋಡಿದವರು ನಮ್ಮಲ್ಲಿ ಎಷ್ಟು ಜನ? ನಮ್ಮ ಚಂದಕವಾಡಿ ಕಡೆ ಎತ್ತು, ಮೂಗುದಾರ ಎಲ್ಲರಿಗೂ ಗೊತ್ತು. ಕುದುರೆ ಅಂದರೆ ಮೈಸೂರು ದಸರಾದಲ್ಲಿ ನೋಡಿದ್ದಷ್ಟೇ.

ಕಡಿವಾಣ ಅಂದರೆ ಕುದುರೆ ಬಾಯೊಳಗೆ ಇರುವ ಲೋಹದ ತುಂಡು. ಅದರ ಎರಡೂ ತುದಿಗೆ ಲಗಾಮು. ಕುದುರೆಗೆ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ಮಧ್ಯೆ ಒಂದು ಖಾಲಿ ಜಾಗ ಇದೆ. ಕಡಿವಾಣ ಕೂರುವುದು ಅಲ್ಲೇ, ನಾಲಿಗೆ ಮತ್ತು ಒಸಡಿನ ಮೇಲೆ. ನೂರಾರು ಕಿಲೋ ತೂಕದ ಪ್ರಾಣಿಯನ್ನು ಮನುಷ್ಯ ಮಾತಾಡಿಸಿದ್ದು ಇಷ್ಟು ಸೂಕ್ಷ್ಮ ಜಾಗದಿಂದ!

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸಾದಾ ಕಡಿವಾಣ, ಎಳೆದಷ್ಟೇ ಒತ್ತಡ. ಎರಡನೆಯದಕ್ಕೆ ಪಕ್ಕದಲ್ಲಿ ಉದ್ದ ಕಡ್ಡಿ, ಗದ್ದದ ಕೆಳಗೆ ಸರಪಳಿ. ಇಂಜಿನಿಯರಿಂಗ್ ಮೊದಲ ವರ್ಷದ ಸನ್ನೆಕೋಲು ನೆನಪಿಸಿಕೊಳ್ಳಿ. ಕಡ್ಡಿಯ ಕೆಳಭಾಗ ಮೇಲ್ಭಾಗದ ಎರಡರಷ್ಟಿದ್ದರೆ, ನಾವು ಒಂದು ಕಿಲೋ ಎಳೆದರೆ ಬಾಯಿಗೆ ಸುಮಾರು ಮೂರು ಕಿಲೋ ಒತ್ತಡ ಬೀಳುತ್ತೆ.

ಇಷ್ಟೊಂದು ಬಲ ಯಾಕೆ ಬೇಕಿತ್ತು? ಕಾರಣ ಯುದ್ಧ. ಸವಾರನ ಒಂದು ಕೈಯಲ್ಲಿ ಭರ್ಜಿ, ಲಗಾಮಿಗೆ ಉಳಿದದ್ದು ಇನ್ನೊಂದೇ ಕೈ. ವಿಜಯನಗರದವರು ಭಟ್ಕಳ, ಗೋವಾ ಬಂದರುಗಳಿಂದ ಅರಬ್ ಕುದುರೆ ತರಿಸಿದ್ದು ಇಂಥ ಯುದ್ಧಗಳಿಗೇ. ಹಂಪಿಯ ಹಜಾರರಾಮ ದೇವಸ್ಥಾನದ ಗೋಡೆ ಮೇಲೆ ಆ ಕುದುರೆಗಳ ಸಾಲನ್ನು ಈಗಲೂ ನೋಡಬಹುದು. ಮೈಸೂರಿನ ಚಾಮರಾಜ ಒಡೆಯರ (1617-1637) ಕಾಲದಲ್ಲಿ ಪದ್ಮಣ್ಣ ಪಂಡಿತ 'ಹಯಸಾರ ಸಮುಚ್ಚಯ' ಅಂತ ಕುದುರೆಗಳ ಬಗ್ಗೆಯೇ ಕನ್ನಡದಲ್ಲಿ ಪುಸ್ತಕ ಬರೆದ. (ನಮ್ಮ ಚಾಮರಾಜನಗರಕ್ಕೆ ಹೆಸರು ಬಂದದ್ದು ಈ ಅರಸರಿಂದಲ್ಲ. 1774ರಲ್ಲಿ ಅಲ್ಲೇ ಹುಟ್ಟಿದ ಇನ್ನೊಬ್ಬ ಚಾಮರಾಜ ಒಡೆಯರಿಂದ. ಆಗ ಊರಿನ ಹೆಸರು ಅರಿಕುಠಾರ.) 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಮೆಷಿನ್ ಗನ್‌ಗಳಿಗೆ ಎದುರಾಗಿ ಕುದುರೆ ಓಡಿಸಿದರಲ್ಲ, ಅಂಥ ಹೊತ್ತಲ್ಲಿ ಕುದುರೆ ಸವಾರನ ಮಾತು ಕೇಳದಿದ್ದರೆ ಇಬ್ಬರ ಕಥೆಯೂ ಮುಗಿದಂತೆ.

ಹಾಗಾದರೆ ಬಲವಾದ ಕುದುರೆಗೆ ಬಲವಾದ ಕಡಿವಾಣವೇ ಸರಿ ಅನ್ನಿಸುತ್ತೆ ಅಲ್ವಾ? ಇಲ್ಲೇ ಇರೋದು ವಿಷಯ. ಕ್ರಿ.ಪೂ. 4ನೇ ಶತಮಾನದಲ್ಲೇ ಗ್ರೀಸಿನ ಕ್ಸೆನೊಫೋನ್ ಎಂಬ ದಂಡನಾಯಕ, ಕುದುರೆ ಹೇಳಿದ ಮಾತು ಕೇಳಿದ ಕೂಡಲೇ ಲಗಾಮು ಸಡಿಲಿಸಿ ಅಂತ ಬರೆದಿದ್ದ. ಕುದುರೆ ಕಲಿಯೋದು ಎಳೆತದಿಂದಲ್ಲ, ಸಡಿಲಿಸಿದಾಗ ಸಿಗುವ ನೆಮ್ಮದಿಯಿಂದ. ಸುಮ್ಮನೆ ಎಳೀತಾನೇ ಇದ್ದರೆ ಅದೂ ಎದುರು ಎಳೆಯುತ್ತೆ. ಆ ಜಗ್ಗಾಟದಲ್ಲಿ ಗೆಲ್ಲೋದು ಯಾರು ಅಂತ ಹೇಳಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ 'ಕಾಬ್' ಅಂತ ಕರೆಯುವ ಗಿಡ್ಡ, ದಪ್ಪ ಕತ್ತಿನ, ಭಾರೀ ಬಲದ ಕುದುರೆಗಳಿವೆ. ಸವಾರಿಗೂ ಸೈ, ಗಾಡಿಗೂ ಸೈ. ತಿಳಿದವರು ಇವುಗಳಿಗೆ ಕಡಿವಾಣ ಆರಿಸುವಾಗ ಮೊದಲು ನೋಡೋದು ಹಲ್ಲು. ಹಲ್ಲು ನೋವಿದ್ದರೂ ಕುದುರೆ ಎಳೆಯುತ್ತೆ. ಆಮೇಲೆ ಬಾಯಿಯ ಅಗಲ. ಎರಡೂ ಬದಿ ಕಾಲಿಂಚಿನಷ್ಟು ಮಾತ್ರ ಕಡಿವಾಣ ಹೊರಗಿರಬೇಕು. ದಪ್ಪ ಇದ್ದಷ್ಟೂ ಮೃದು ಅನ್ನೋದೂ ಪೂರ್ತಿ ನಿಜವಲ್ಲ. ಕಾಬ್‌ಗಳ ನಾಲಿಗೆಯೇ ದಪ್ಪ, ಬಾಯಲ್ಲಿ ಜಾಗ ಕಮ್ಮಿ. ಇಷ್ಟೆಲ್ಲಾ ಆಗಿ, ಸಾದಾ ಕಡಿವಾಣದಲ್ಲಿ ಪಾಠ ಹೇಳಿಕೊಟ್ಟ ಮೇಲಷ್ಟೇ ಸರಪಳಿಯದ್ದು, ಅದೂ ಹಗುರ ಕೈಯವರಿಗೆ.

ನಮ್ಮಲ್ಲಿ ಇದು ಬರೀ ಜಾಣತನದ ಮಾತಲ್ಲ, ಕಾನೂನು ಕೂಡ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಹಿಂಸೆ ತಡೆಯಲು 1965ರಲ್ಲಿ ಬಂದ ಕೇಂದ್ರದ ನಿಯಮಗಳು ಮುಳ್ಳು, ಗಂಟು ಇರುವ ಕಡಿವಾಣವನ್ನು ನಿಷೇಧಿಸಿವೆ. ಟಾಂಗಾ ಹತ್ತುವಾಗ ಕುದುರೆಯ ಬಾಯಿ ಕಡೆ ಒಮ್ಮೆ ನೋಡಿ. ತುಟಿ ಅಂಚಿನಲ್ಲಿ ಗಾಯ ಇದ್ದರೆ ಗಾಡಿಯವರನ್ನು ಕೇಳಿ. ಕೇಳೋರು ಇಲ್ಲದಿದ್ದರೆ ಕಾನೂನು ಪುಸ್ತಕದಲ್ಲೇ ಉಳಿಯುತ್ತೆ.

ಪೇಪರಿನವರು ಕಡಿವಾಣ ಅಂದರೆ 'ನಿಲ್ಲಿಸೋದು' ಅಂತ ಬರೀತಾರೆ. ಕುದುರೆ ಬಲ್ಲವರಿಗೆ ಅದು ಮಾತುಕತೆ. ನಿಮ್ಮೂರ ಕಡೆ ಇದಕ್ಕೆ ಬೇರೆ ಹೆಸರಿದ್ದರೆ ತಿಳಿಸ್ತೀರಾ?