ಕಿಡಿಯ ಜಾಡು ಹಿಡಿದು



ಮಳೆಗಾಲದ ಒಂದು ಬೆಳಿಗ್ಗೆ. ಅಂಗಳದಲ್ಲಿ ನಿಂತಿರುವ ಹಳೆಯ ಅಂಬಾಸಡರ್ ಕಾರಿನ ಕೀಲಿ ತಿರುಗಿಸಿದರೆ ಎಂಜಿನ್ ಗರಗರ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಸುತ್ತ ನಿಂತವರಲ್ಲಿ ಒಬ್ಬರು ಪ್ಲಗ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಕಾಯಿಲ್ ಸುಟ್ಟಿದೆ ಎನ್ನುತ್ತಾರೆ. ಎಲ್ಲವೂ ಊಹೆ. ಹೀಗೆ ಊಹಿಸುತ್ತ ಮೂರು ಹೊಸ ಭಾಗಗಳನ್ನು ಕೊಂಡು ಹಾಕಿದ ಮೇಲೆ, ದೋಷವಿದ್ದದ್ದು ಹೆಬ್ಬೆರಳಿನಷ್ಟು ದೊಡ್ಡ ಕಂಡೆನ್ಸರಿನಲ್ಲಿ ಎಂದು ತಿಳಿದುಕೊಂಡವರಲ್ಲಿ ನಾನೂ ಒಬ್ಬ. ವಿಜ್ಞಾನ ಓದಿದವನಿಗೆ ಅದು ನಾಚಿಕೆಯ ಸಂಗತಿಯೇ. ಏಕೆಂದರೆ ಆ ಕಂಡೆನ್ಸರ್ ಅಲ್ಲಿ ಏಕಿದೆ ಎಂಬುದನ್ನು ನಾನು ಪಠ್ಯಪುಸ್ತಕದಲ್ಲಿ ಓದಿದ್ದೆ. ಕಾರಿನ ಮುಂದೆ ನಿಂತಾಗ ಮರೆತಿದ್ದೆ.

ಕಿಡಿ ಹುಟ್ಟುವ ದಾರಿಯಲ್ಲಿರುವ ಪ್ರತಿಯೊಂದು ಭಾಗವೂ ಯಾವುದೋ ಕಾಲದಲ್ಲಿ, ಯಾವುದೋ ತೊಂದರೆಗೆ ಪರಿಹಾರವಾಗಿ ಬಂದದ್ದು. ಆ ಚರಿತ್ರೆ ತಿಳಿದರೆ ದೋಷ ಹುಡುಕುವ ದಾರಿಯೂ ತಿಳಿಯುತ್ತದೆ.

ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮದಿಂದ ಕಥೆ ಆರಂಭಿಸೋಣ. ಸುರುಳಿಯ ಸುತ್ತಲಿನ ಕಾಂತಕ್ಷೇತ್ರ ಬದಲಾದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಬದಲಾವಣೆ ಎಷ್ಟು ವೇಗವೋ ವೋಲ್ಟೇಜು ಅಷ್ಟು ಹೆಚ್ಚು. 1836ರಲ್ಲಿ ಐರ್ಲೆಂಡಿನ ಪಾದ್ರಿ ಹಾಗೂ ಅಧ್ಯಾಪಕ ನಿಕೊಲಸ್ ಕ್ಯಾಲನ್ ಇದೇ ತತ್ತ್ವದ ಮೇಲೆ ಇಂಡಕ್ಷನ್ ಕಾಯಿಲ್ ನಿರ್ಮಿಸಿದರು. ಆದರೆ ಕಾಯಿಲಿನ ಕರೆಂಟನ್ನು ಕಡಿಯುವ ಜಾಗದಲ್ಲೇ ಕಿಡಿ ಹಾರಿ, ಅಲ್ಲಿನ ಲೋಹ ಸುಟ್ಟುಹೋಗುತ್ತಿತ್ತು. ಕರೆಂಟು ಥಟ್ಟನೆ ನಿಲ್ಲದ ಕಾರಣ ವೋಲ್ಟೇಜೂ ಏರುತ್ತಿರಲಿಲ್ಲ. 1853ರಲ್ಲಿ ಫ್ರಾನ್ಸಿನ ಫಿಜೊ ಆ ಜಾಗಕ್ಕೆ ಅಡ್ಡಲಾಗಿ ಒಂದು ಕಂಡೆನ್ಸರ್ ಜೋಡಿಸಿ ಈ ತೊಂದರೆ ಕಳೆದರು. ನನ್ನನ್ನು ಸತಾಯಿಸಿದ ಕಂಡೆನ್ಸರ್ ಇದರ ಮರಿಮಗನೇ!

1860ರಲ್ಲಿ ಲೆನ್ವಾ ಎಂಬವರು ಪ್ಯಾರಿಸಿನಲ್ಲಿ ತಮ್ಮ ಗ್ಯಾಸ್ ಎಂಜಿನ್ನಿಗೆ ಇಂತಹ ಕಾಯಿಲಿನ ಕಿಡಿಯನ್ನು ಬಳಸಿದರು. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಚಕ್ರದ ವಾಹನದಲ್ಲಿಯೂ ಬ್ಯಾಟರಿ ಮತ್ತು ಕಾಯಿಲ್ ಇದ್ದವು. 1888ರ ಆಗಸ್ಟಿನಲ್ಲಿ ಅವರ ಪತ್ನಿ ಬೆರ್ಥಾ ಬೆಂಜ್, ಪತಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳೊಡನೆ ಅಂತಹ ವಾಹನದಲ್ಲಿ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ನಡುವೆ ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದರೆಂದೂ, ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿದರೆಂದೂ ಹೇಳುತ್ತಾರೆ. ಪೆಟ್ರೋಲಿನ ತೊಂದರೆಯೋ ಕಿಡಿಯ ತೊಂದರೆಯೋ ಎಂದು ಮೊದಲು ಬೇರ್ಪಡಿಸಿಕೊಳ್ಳುವ ಪಾಠವನ್ನು ಮೋಟಾರು ಚರಿತ್ರೆಯ ಮೊದಲ ದೂರಪ್ರಯಾಣದಲ್ಲೇ ಕಾಣುತ್ತೇವೆ.

1902ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಗಾಟ್ಲೋಬ್ ಹೊನೊಲ್ಡ್ ಬ್ಯಾಟರಿಯೇ ಬೇಡದ ಹೈ ವೋಲ್ಟೇಜ್ ಮ್ಯಾಗ್ನೆಟೊ ರೂಪಿಸಿದರು. ಆದರೆ ಎಂಜಿನ್ ನಿಧಾನ ತಿರುಗುವಾಗ ಅದರ ಕಿಡಿ ಸೊರಗುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿಗೇ ಮರಳಿದರು. ಅವರ ಕಿಡಿ ವ್ಯವಸ್ಥೆ 1910ರ ಮಾದರಿಯ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂತು. ಬ್ಯಾಟರಿ, ಕಾಯಿಲ್, ಪಾಯಿಂಟ್, ಕಂಡೆನ್ಸರ್, ಡಿಸ್ಟ್ರಿಬ್ಯೂಟರ್ ಮತ್ತು ಪ್ಲಗ್‌ಗಳ ಈ ಕುಟುಂಬ ಸುಮಾರು ಆರು ದಶಕ ಜಗತ್ತಿನ ಕಾರುಗಳನ್ನು ಆಳಿತು. ನಮ್ಮ ಫಿಯೆಟ್, ಅಂಬಾಸಡರ್‌ಗಳಲ್ಲಿ ಇದ್ದದ್ದೂ ಇದೇ. ಅವುಗಳ ಪ್ಲಗ್ಗಿನ ಮೇಲೆ ಎಷ್ಟೋ ಸಲ ಬೆಂಗಳೂರಿನ ಮೈಕೋ ಹೆಸರಿರುತ್ತಿತ್ತು. 1951ರಲ್ಲಿ ಆರಂಭವಾದ ಆ ಸಂಸ್ಥೆ ಬಾಷ್‌ನ ಬಳಗದ್ದೇ.

ಈಗ ಅಂಗಳದ ಕಾರಿಗೆ ಮರಳೋಣ. ಕಿಡಿ ಹೋಗುವ ದಾರಿಯನ್ನು ಮಧ್ಯದಲ್ಲಿ ಕತ್ತರಿಸಿ ನೋಡುವುದೇ ಜಾಣತನ. ಹಿರಿಯರು ಜೊತೆಗಿರಲಿ; ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಪೆಟ್ರೋಲ್ ಸೋರಿಕೆ ಎಲ್ಲಿಯೂ ಇರಬಾರದು. ಡಿಸ್ಟ್ರಿಬ್ಯೂಟರಿನ ಮುಚ್ಚಳದ ನಡುವಿನ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಎಂಜಿನ್ನಿನ ಲೋಹದಿಂದ ಸುಮಾರು 6 ಮಿ.ಮೀ. ದೂರದಲ್ಲಿ ಹಿಡಿಯಬೇಕು. ಇನ್ನೊಬ್ಬರು ಕೀಲಿ ತಿರುಗಿಸಲಿ. ಚಟಚಟನೆ ನೀಲಿ ಕಿಡಿ ಹಾರಿದರೆ ಬ್ಯಾಟರಿ, ಕಾಯಿಲ್, ಪಾಯಿಂಟ್, ಕಂಡೆನ್ಸರ್ ನಾಲ್ಕೂ ನಿರಪರಾಧಿಗಳು. ಒಂದೇ ಪರೀಕ್ಷೆಯಲ್ಲಿ ಅರ್ಧ ಅನುಮಾನ ಕಳೆಯಿತು! ದೋಷ ಮುಂದಿದೆ: ಮುಚ್ಚಳ, ರೋಟರ್, ಪ್ಲಗ್ ವೈರ್ ಅಥವಾ ಪ್ಲಗ್. ಮಳೆಗಾಲದಲ್ಲಿ ಮುಚ್ಚಳದೊಳಗೆ ತೇವ ಕೂತಿರುವುದೇ ಹೆಚ್ಚು. ಒಣಬಟ್ಟೆಯಿಂದ ಒರೆಸಿದರೆ ಸಾಕಾಗಬಹುದು.

ಕಿಡಿ ಬಾರದಿದ್ದರೆ ಹಿಂದಕ್ಕೆ ಹೋಗಬೇಕು. ಹೆಡ್‌ಲೈಟ್ ಹಚ್ಚಿ ಕೀಲಿ ತಿರುಗಿಸಿದಾಗ ಬೆಳಕು ತೀರಾ ಮಂಕಾದರೆ ಬ್ಯಾಟರಿಯನ್ನೂ ಅದರ ಜೋಡಣೆಗಳನ್ನೂ ನೋಡಿ. ಅವು ಸರಿಯಿದ್ದರೆ, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರಿನ ತುದಿಗೂ ಎಂಜಿನ್ನಿನ ಲೋಹಕ್ಕೂ ನಡುವೆ 12 ವೋಲ್ಟಿನ ಸಣ್ಣ ಬಲ್ಬ್ ಜೋಡಿಸಿ ಎಂಜಿನ್ ತಿರುಗಿಸಿ. ಬಲ್ಬ್ ಮಿನುಗಿದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ. ಹೊತ್ತೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ, ಅಥವಾ ಅದರ ಮೇಲೆ ಕೊಳೆಯಿದೆ. ಹೊತ್ತದೇ ಇದ್ದರೆ ಕಾಯಿಲಿಗೆ ಕರೆಂಟೇ ಬರುತ್ತಿಲ್ಲ, ಇಲ್ಲವೇ ಪಾಯಿಂಟ್ ತೆರೆಯುತ್ತಿಲ್ಲ. ಬಲ್ಬ್ ಮಿನುಗಿಯೂ ದಪ್ಪ ವೈರಿನ ಕಿಡಿ ಹಳದಿಯಾಗಿ ಸೊರಗಿದ್ದರೆ, ಪಾಯಿಂಟ್ ಬೇಗಬೇಗ ಸುಡುತ್ತಿದ್ದರೆ, ಫಿಜೊ ಅವರನ್ನು ನೆನೆಯಿರಿ: ಮೊದಲ ಅನುಮಾನ ಕಂಡೆನ್ಸರಿನ ಮೇಲೆ.

ಪಾಯಿಂಟಿನ ಕೆಲಸ ಸುಲಭದ್ದಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಸವೆದಂತೆಲ್ಲ ಕಿಡಿಯ ಹೊತ್ತು ತಪ್ಪುತ್ತದೆ, ಹೊಗೆ ಹೆಚ್ಚುತ್ತದೆ. 1970ರಲ್ಲಿ ಅಮೆರಿಕದಲ್ಲಿ ಬಿಗಿಯಾದ ವಾಯುಮಾಲಿನ್ಯ ಕಾನೂನು ಬಂದ ಮೇಲೆ ಪಾಯಿಂಟಿನ ದಿನಗಳು ಮುಗಿಯತೊಡಗಿದವು. ಅದರ ಕೆಲಸವನ್ನು ಟ್ರಾನ್ಸಿಸ್ಟರ್ ವಹಿಸಿಕೊಂಡಿತು. ಎಲೆಕ್ಟ್ರಾನಿಕ್ ವ್ಯವಸ್ಥೆಯ ಕಾರಿನಲ್ಲಿ ಮೇಲಿನ ಪರೀಕ್ಷೆಗಳನ್ನು ಮಾಡಲೇಬಾರದು. ಅಲ್ಲಿನ ವೋಲ್ಟೇಜು ಇನ್ನೂ ಅಪಾಯಕಾರಿ, ಉಪಕರಣವೂ ಕೆಡಬಹುದು.

ಇಂದಿನ ಕಾರಿನ ಕಂಪ್ಯೂಟರ್ ದೋಷದ ಸಂಖ್ಯೆಯನ್ನು ತಾನೇ ತೋರಿಸುತ್ತದೆ. ಯಾವ ಸಿಲಿಂಡರಿನಲ್ಲಿ ತೊಂದರೆಯೆಂದು ಅದು ಹೇಳಬಹುದು. ಪ್ಲಗ್ ಕೆಟ್ಟಿದೆಯೋ, ಕಾಯಿಲೋ, ವೈರೋ ಎಂಬುದನ್ನು ಬಹಳ ಸಲ ಮನುಷ್ಯನೇ ಪರೀಕ್ಷಿಸಿ ತಿಳಿಯಬೇಕು. ಯಂತ್ರ ಬದಲಾಗಿದೆ, ವಿಚಾರದ ಕ್ರಮ ಬದಲಾಗಿಲ್ಲ. ಹಳೆಯ ಕಾರಿನಲ್ಲಿ ಆ ಕ್ರಮ ಕಣ್ಣಿಗೆ ಕಾಣುತ್ತದೆ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಅಂತಹ ಕಾರಿದ್ದರೆ, ಅದರ ಬಾನೆಟ್ ಎತ್ತಿದ ದಿನ ಹತ್ತಿರ ಹೋಗಿ ನಿಂತು ನೋಡಿ. ಏನನ್ನಾದರೂ ಬದಲಿಸಿ ಎಂದು ಯಾರಾದರೂ ಹೇಳಿದರೆ, ಅದು ಕೆಟ್ಟಿದೆಯೆಂದು ತಿಳಿದದ್ದು ಹೇಗೆ ಎಂದು ವಿನಯದಿಂದಲೇ ಕೇಳಿ.